ಕಲ್ಲೆಣ್ಣೆಯ ಮೂಲಶಿಲೆ: ಶೇಲಿನ ಪರೀಕ್ಷೆ

ಪುಣೆಯ ಪೂರ್ವದಂಚಿನ ಖರಾಡಿಯಲ್ಲಿ ಕಟ್ಟಡಗಳ ತಳಪಾಯಕ್ಕೆಂದು ನೆಲವನ್ನಗೆದಾಗ ಸಿಕ್ಕುವ ಕರಿಗಲ್ಲು ಬಸಾಲ್ಟ್; ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಹೆಪ್ಪುಗಟ್ಟಿ ಆದುದು. ಬೆಂಕಿಯಿಂದ ಹುಟ್ಟಿದ ಈ ಶಿಲೆಯಲ್ಲಿ ಕಲ್ಲೆಣ್ಣೆಯನ್ನು ಹೆರಬಲ್ಲ ಜೀವಾಂಶವಿಲ್ಲ. ಅದರ ಅಡಿಯಲ್ಲಿ ಹಳೆಯ ಜಲಜಶಿಲೆ ಅಡಗಿರಬಹುದೆಂಬ ಊಹೆಯೂ ಎಲ್ಲೆಡೆ ನಿಲ್ಲದು. ಭೂಕಂಪಗಳ ಅಧ್ಯಯನಕ್ಕಾಗಿ ಸಾತಾರಾ ಜಿಲ್ಲೆಯ ಕೊಯ್ನಾ ಪರಿಸರದಲ್ಲಿ ಕೊರೆದ ಬಾವಿಯೊಂದು ಸುಮಾರು 933 ಮೀಟರು ಬಸಾಲ್ಟನ್ನು ದಾಟಿ ನೇರವಾಗಿ ಗ್ರಾನೈಟು ವರ್ಗದ ತಳಶಿಲೆಯನ್ನೇ ಮುಟ್ಟಿತು. ಆದರೆ ಇದೇ ಬಸಾಲ್ಟು ಗುಜರಾತಿನ ಖಂಭಾತ್ ಪ್ರದೇಶದಲ್ಲಿ ಕುಸಿದು ತಗ್ಗಿನ ನೆಲಗಟ್ಟಾಯಿತು. ಅದರ ಮೇಲೆ ಶೇಖರವಾದ ಕೆಸರು ಗಟ್ಟಿಗೊಂಡು ಖಂಭಾತ್ ಶೇಲ್ ಎಂಬ ಜೇಡಿಶಿಲೆಯಾಯಿತು. 1960ರಲ್ಲಿ ಪತ್ತೆಯಾದ ಅಂಕಲೇಶ್ವರದ ಎಣ್ಣೆಗೆ ಈ ಶೇಲೇ ಮೂಲವೆಂದು ತಜ್ಞರು ಎಣಿಸುತ್ತಾರೆ.

ಹಾಗೆಂದು ಕಪ್ಪಾದ ಶೇಲೆಲ್ಲವೂ ಮೂಲಶಿಲೆಯಲ್ಲ. ಗಂಧಕಯುಕ್ತ ಕಬ್ಬಿಣದ ಸೂಕ್ಷ್ಮಕಣಗಳಿಂದಲೂ ಶಿಲೆಗೆ ಕಪ್ಪು ಬರುತ್ತದೆ. ಮೊದಲು ಸಾವಯವ ಇಂಗಾಲವನ್ನು ಅಳೆಯಬೇಕು. ಅದು ತೂಕದಲ್ಲಿ ಶೇಕಡಾ 0.5ಕ್ಕಿಂತ ಕಡಮೆಯಾದರೆ ಸಾಮಾನ್ಯವಾಗಿ ಆಸೆಯಿಲ್ಲ. ಶೇಕಡಾ 2ನ್ನು ಮೀರಿದರೆ ಉತ್ತಮ. ಆದರೆ ಮೊತ್ತವೊಂದೇ ಸಾಲದು. ಪಾಚಿಯಂಥ ಜಲಜೀವಿಗಳ ಅವಶೇಷದಲ್ಲಿ ಜಲಜನಕ ಹೆಚ್ಚಾಗಿದ್ದು ಎಣ್ಣೆಯಾಗುತ್ತದೆ. ಮರಮಟ್ಟುಗಳ ಅವಶೇಷದಿಂದ ಹೆಚ್ಚಾಗಿ ಅನಿಲವೇ ಬರುತ್ತದೆ. ಇನ್ನು ಉಳಿದದ್ದು ಪಾಕದ ಪ್ರಶ್ನೆ. ಭೂಗರ್ಭದಲ್ಲಿ ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಲಕ್ಷಾಂತರ ವರ್ಷ ಬೇಯದೆ ಎಣ್ಣೆ ಹೊರಡದು. ಬೆಂಕಿ ಮಿಗಿಲಾದರೆ ಅನಿಲವಷ್ಟೇ, ಕಡೆಗೆ ಬರಿಯ ಇದ್ದಲು.

1970ರ ದಶಕದಲ್ಲಿ ಫ್ರಾನ್ಸಿನಲ್ಲಿ ರೂಢಿಗೆ ಬಂದ ರಾಕ್-ಇವಾಲ್ ಯಂತ್ರವು ಚಿಟಿಕೆಯಷ್ಟು ಶಿಲಾಚೂರ್ಣವನ್ನು ಗಾಳಿ ಸೋಕದಂತೆ ಕ್ರಮವಾಗಿ ಕಾಯಿಸುತ್ತದೆ. ಮೊದಲು ಹೊರಬೀಳುವುದು ಶಿಲೆಯಲ್ಲಿ ಆಗಲೇ ಇದ್ದ ಎಣ್ಣೆ. ಅನಂತರ ಬರುವುದು ಮುಂದೆ ಆಗಬಹುದಾಗಿದ್ದುದು. ಈ ಎರಡನೆಯ ಅಲೆ ಶಿಖರ ಮುಟ್ಟುವ ಶಾಖವು ಸುಮಾರು 435 ಡಿಗ್ರಿಗಿಂತ ಕೆಳಗಿದ್ದರೆ ಶಿಲೆ ಇನ್ನೂ ಎಳಸು.

ಇಲ್ಲಿ ಪರೀಕ್ಷಕರು ಎಡವುವುದುಂಟು. ಅಳೆದ ಇಂಗಾಲವು ಖಾತೆಯ ಇಂದಿನ ಬಾಕಿಯೇ ಹೊರತು ಮೊದಲಿಟ್ಟ ಠೇವಣಿಯಲ್ಲ. ಅತಿಪಕ್ವ ಶಿಲೆಯು ತನ್ನ ಎಣ್ಣೆಯನ್ನೆಲ್ಲ ಎಂದೋ ಕೊಟ್ಟು ಬಡವಾಗಿರಬಹುದು. ಆ ಬಾಕಿಯನ್ನು ನೋಡಿ ಇಡೀ ಜಲಾನಯನವನ್ನೇ ತಳ್ಳಿಹಾಕುವುದು ಅವಸರದ ತೀರ್ಪು.

ಬಾಗಲಕೋಟೆ ಪರಿಸರದ ಕಲಾದಗಿ ಶಿಲಾಸಮೂಹದ ಶೇಲುಗಳಲ್ಲಿ ತೊಡಕು ಇನ್ನೂ ಹೆಚ್ಚು. ಅವು ನೂರು ಕೋಟಿ ವರ್ಷಗಳಿಗೂ ಹಿಂದಿನವು. ಹಳಮೆಯೊಂದೇ ದೋಷವಲ್ಲ, ಒಮಾನಿನಲ್ಲಿ ಕೇಂಬ್ರಿಯನ್ ಪೂರ್ವದ ಶಿಲೆಗಳೂ ಎಣ್ಣೆ ಕೊಟ್ಟಿವೆ. ಆದರೆ ಪಕ್ವತೆಯನ್ನು ಅಳೆಯಲು ಸಾಮಾನ್ಯವಾಗಿ ನೋಡುವುದು ಮರದ ಅಂಶದಿಂದಾದ ವಿಟ್ರಿನೈಟ್ ಕಣಗಳ ಹೊಳಪನ್ನು. ಕಲಾದಗಿಯ ಕಾಲದಲ್ಲಿ ಭೂಮಿಯ ಮೇಲೆ ಮರಗಳೇ ಇರಲಿಲ್ಲ. ಅಲ್ಲಿ ಘನ ಬಿಟುಮೆನ್ನಿನ ಹೊಳಪನ್ನೋ ಬೇರೆ ಕುರುಹನ್ನೋ ಆಶ್ರಯಿಸಬೇಕು. ರಸ್ತೆಯ ಬದಿಯಲ್ಲಿ ಆಯ್ದ ತುಣುಕಂತೂ ಸಾಲದು: ಮಳೆಗಾಳಿಗೆ ಒಡ್ಡಿಕೊಂಡ ಶೇಲು ತನ್ನ ಇಂಗಾಲವನ್ನು ಕಳೆದುಕೊಳ್ಳುವುದರಿಂದ, ಆಳದಿಂದ ಕೊರೆದು ತೆಗೆದ ಹಸಿ ಮಾದರಿಯೇ ಬೇಕು.