ಮೈಕ್ರೋಕಂಟ್ರೋಲರಿನ ನಿದ್ರೆಯೂ ವಿದ್ಯುದ್ವ್ಯಯವೂ

ವಿದ್ಯುತ್ಕೋಶದಿಂದ ನಡೆಯುವ ಮೈಕ್ರೋಕಂಟ್ರೋಲರು ತನ್ನ ಕಾಲದ ಬಹುಭಾಗವನ್ನು ನಿದ್ರೆಯಲ್ಲಿ ಕಳೆಯುವುದಾದರೆ, ಕೋಶದ ಆಯುಸ್ಸು ಹೆಚ್ಚಾಗಿ ಆ ನಿದ್ರೆಯ ವ್ಯಯವನ್ನೇ ಅವಲಂಬಿಸಿರುತ್ತದೆ. ಎಟಿಮೆಗಾ 328ಪಿ ಎಂಬ ಚಿಪ್ಪನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 3 ವೋಲ್ಟಿನಲ್ಲಿ ಅದರ ಗಾಢನಿದ್ರೆಯ ಪ್ರವಾಹವು ಸಾಮಾನ್ಯವಾಗಿ 0.1 ಮೈಕ್ರೋಆಂಪಿಯರು, ವಾಚ್‌ಡಾಗ್ ಟೈಮರು ನಡೆಯುತ್ತಿದ್ದರೆ ಸುಮಾರು 4. ಸಿಆರ್ 2032 ಎಂಬ ನಾಣ್ಯಾಕಾರದ ಕೋಶದಲ್ಲಿರುವುದು ಸುಮಾರು 220 ಮಿಲಿಆಂಪಿಯರ್-ಗಂಟೆಗಳ ಸಂಚಯ. ಲೆಕ್ಕದ ಮಟ್ಟಿಗೆ ಅದು ಆರು ವರ್ಷ ಬಾಳಬೇಕು. ಆದರೂ ಕೆಲವೇ ವಾರಗಳಲ್ಲಿ ಬರಿದಾಗುವುದುಂಟು.

ಕಾರಣವನ್ನು ಮೊದಲು ಚಿಪ್ಪಿನ ಹೊರಗೆ ಅರಸುವುದು ಲೇಸು. ಒಂದು ಪಿನ್ನಿಗೂ ಧನಾಗ್ರಕ್ಕೂ ನಡುವೆ 10 ಕಿಲೋಓಮಿನ ಪ್ರತಿರೋಧಕವಿದ್ದು, ನಿದ್ರಾಕಾಲದಲ್ಲಿ ಆ ಪಿನ್ನು ಸೊನ್ನೆಯ ಮಟ್ಟದಲ್ಲಿಯೇ ಉಳಿದರೆ, ಅದರ ಮೂಲಕ 300 ಮೈಕ್ರೋಆಂಪಿಯರು ಹರಿದು, ಕೋಶವು ಒಂದು ತಿಂಗಳಲ್ಲಿ ತೀರುತ್ತದೆ. ಸದಾ ಬೆಳಗುವ ಸೂಚಕದೀಪದ ವಿಷಯವನ್ನಂತೂ ಹೇಳಬೇಕಾದುದಿಲ್ಲ.

ಎಚ್ಚರಗೊಳಿಸುವುದಕ್ಕೆಂದು ನಿಯಮಿಸಿದ ಪಿನ್ನನ್ನು ಎಲ್ಲಿಗೂ ಜೋಡಿಸದೆ ಬಿಡುವುದು ಇನ್ನೂ ವಂಚಕವಾದ ದೋಷ. ಅದರ ವೋಲ್ಟೇಜು ನಡುಮಟ್ಟದಲ್ಲಿ ತೂಗಾಡುವಾಗ ಒಳಗಿನ ಜೋಡಿ ಟ್ರಾನ್ಸಿಸ್ಟರುಗಳೆರಡೂ ಏಕಕಾಲದಲ್ಲಿ ಅರೆತೆರೆದು ಪ್ರವಾಹವು ವ್ಯರ್ಥವಾಗಿ ಸೋರುತ್ತದೆ. ಕೈಯನ್ನು ಸಮೀಪಕ್ಕೆ ತಂದರೂ ಅಳತೆಯು ಬದಲಾಗಬಹುದು.

ಅನಲಾಗ್-ಡಿಜಿಟಲ್ ಪರಿವರ್ತಕವು ನಿದ್ರೆಯೊಡನೆ ತಾನಾಗಿ ಆರುವುದಿಲ್ಲ. ಮಲಗಿಸುವ ಮುನ್ನ ಅದನ್ನು ಆಜ್ಞೆಯಿಂದಲೇ ಆರಿಸಬೇಕು.