ಆಟದ ಕಡಲಿಗೂ ಮುಂಗಾರು ಬರಲಿ

ಬೀದರ್ ಜಿಲ್ಲೆಯ ಹುಮನಾಬಾದಿಗೆ ಹತ್ತಿರದ ಮಾಣಿಕನಗರಕ್ಕೆ ಕಡಲು ಬಲು ದೂರ. ಮಾಣಿಕಪ್ರಭುಗಳು 1865ರಲ್ಲಿ ಸಮಾಧಿಸ್ಥರಾದ ಈ ಕ್ಷೇತ್ರದಲ್ಲಿ ಸಾಗರವೆಂಬ ಮಾತು ಭಜನೆ, ಪ್ರವಚನಗಳ ನಡುವೆ ಭವಸಾಗರವಾಗಿ ಕಿವಿಗೆ ಬೀಳುವುದೇ ಹೆಚ್ಚು. ಆದರೆ ಇಂದು ಇಂಥ ಒಳನಾಡಿನ ಹುಡುಗನೂ ಕಂಪ್ಯೂಟರಿನ ಮುಂದೆ ಕುಳಿತು, ನಾಲ್ಕು ಹಲಗೆಗಳ ತೆಪ್ಪದ ಮೇಲೆ ನಡುಗಡಲಿನಲ್ಲಿ ತೇಲಬಲ್ಲ. ಅವನ ಕಣ್ಣಿಗೆ ಮೊದಲು ಬೀಳುವ ಸಮುದ್ರ ಅದೇ ಆಗಿರುವುದೂ ಉಂಟು. ಹಾಗಾಗಿ ಆ ಸಮುದ್ರ ಅವನಿಗೆ ಏನು ಕಲಿಸುತ್ತದೆ ಎಂದು ಕೇಳುವುದು ತಪ್ಪಲ್ಲ.

ಈ ಬಗೆಯ ಆಟಗಳಲ್ಲಿ ಹೆಸರಾದದ್ದು ‘ರಾಫ್ಟ್’. ಸ್ವೀಡನ್ನಿನ ಮೂವರು ವಿದ್ಯಾರ್ಥಿಗಳು ಆರಂಭಿಸಿದ ಈ ಆಟ 2022ರಲ್ಲಿ ಪೂರ್ಣರೂಪ ಪಡೆಯಿತು. ತೇಲಿ ಬರುವ ಹಲಗೆ, ಪ್ಲಾಸ್ಟಿಕ್, ಎಲೆಗಳನ್ನು ಕೊಕ್ಕೆಯಿಂದ ಎಳೆದುಕೊಂಡು ತೆಪ್ಪ ಹಿಗ್ಗಿಸಬೇಕು. ಶಾರ್ಕ್ ಮೀನಿನಿಂದ ಅದನ್ನು ಉಳಿಸಿಕೊಳ್ಳಬೇಕು. ಕಡಲ ನೀರನ್ನು ಶುದ್ಧಮಾಡಿ ಕುಡಿಯಬೇಕು. ಕೊನೆಯ ಮಾತು ಅಪ್ಪಟ ವಿಜ್ಞಾನ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ನಮ್ಮ ಮೂತ್ರಪಿಂಡ ಅಷ್ಟು ಸಾಂದ್ರವಾದ ಉಪ್ಪನ್ನು ಹೊರಹಾಕಲಾರದು. ಕುಡಿದದ್ದಕ್ಕಿಂತ ಹೆಚ್ಚು ನೀರನ್ನು ದೇಹ ಕಳೆದುಕೊಳ್ಳುತ್ತದೆ, ದಾಹ ಇಮ್ಮಡಿಸುತ್ತದೆ.

ಇಂಥ ಆಟಗಳಿಗೆ ಏನೇನು ಸೇರಿಸಬಹುದೆಂದು ಆಡುವವರು ಸೂಚಿಸುತ್ತಲೇ ಇರುತ್ತಾರೆ. ಹೊಸ ಮೀನು, ಹೊಸ ಆಯುಧ, ಇನ್ನೂ ದೊಡ್ಡ ತಿಮಿಂಗಿಲ. ನಮ್ಮ ಕರಾವಳಿಯವರನ್ನು ಕೇಳಿದರೆ ಪಟ್ಟಿ ಬೇರೆಯಾದೀತು.

ಅದರಲ್ಲಿ ಮೊದಲನೆಯದು ಪಂಚಾಂಗ. ಆಟದಲ್ಲಿ ಮಳೆ, ಮಂಜು ಬಂದು ಹೋಗುತ್ತವೆ, ಆದರೆ ವರ್ಷವೆಂಬುದಿಲ್ಲ. ಅರಬ್ಬೀ ಸಮುದ್ರ ಹಾಗಲ್ಲ. ಗಾಳಿ ಇಲ್ಲಿ ವರ್ಷದಲ್ಲಿ ಎರಡು ಬಾರಿ ದಿಕ್ಕು ಬದಲಿಸುತ್ತದೆ. ಅದರೊಂದಿಗೆ ತೀರದ ಪ್ರವಾಹವೂ ಮುಂಗಾರಿನಲ್ಲಿ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ ಹರಿಯುತ್ತದೆ. ಮಲ್ಪೆಯಾಚೆ ಬಿಟ್ಟ ತೆಪ್ಪವನ್ನು ಈ ಪ್ರವಾಹ ಜುಲೈಯಲ್ಲಿ ಕೇರಳದತ್ತ ನೂಕಿದರೆ, ಡಿಸೆಂಬರಿನಲ್ಲಿ ಗೋವೆಯತ್ತ ನೂಕುತ್ತದೆ. ಮುಂಗಾರಿನಲ್ಲಿ ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೆ ಬರುತ್ತದೆ. ಬೂತಾಯಿ, ಬಂಗುಡೆಗಳ ಬೆಳೆ ನಿಂತಿರುವುದು ಅದರ ಮೇಲೆ. ಹಾಗಾಗಿಯೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ. ನೂಲು ಹುಣ್ಣಿಮೆಯಂದು ಮೀನುಗಾರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸುತ್ತಾರೆ. ಕಡಲಿಗೆ ಇಳಿಯದೆ ಕಾಯುವುದೂ ಬದುಕುಳಿಯುವ ವಿದ್ಯೆಯೇ. ಆಟಕ್ಕೆ ಈ ವಿದ್ಯೆ ಗೊತ್ತಿಲ್ಲ.

ಎರಡನೆಯದು ಪಾಲು. ಆಟದಲ್ಲಿ ಜತೆಗಾರರನ್ನು ಸೇರಿಸಿಕೊಳ್ಳಬಹುದು, ಆದರೆ ಸಿಕ್ಕಿದ್ದನ್ನು ಹೇಗೆ ಹಂಚಬೇಕೆಂಬ ನಿಯಮವಿಲ್ಲ. ನಮ್ಮ ಕರಾವಳಿಯ ರಂಪಣಿ ಬಲೆಯನ್ನು ದಡದಲ್ಲಿ ನಿಂತು ಹತ್ತಾರು ಜನ ಎಳೆಯುತ್ತಿದ್ದರು. ಬಂದ ಮೀನು ಪಾಲಾಗಿ ಹಂಚಿಹೋಗುತ್ತಿತ್ತು. 1970ರ ದಶಕದ ಕೊನೆಯಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಅದರ ಜತೆಗೆ ಹಂಚಿಕೆಯ ಒಂದು ಲೆಕ್ಕವೂ ಮರೆಯಾಗುತ್ತ ಬಂತು. ಒಂಟಿ ಶೂರನ ಬದಲು ಈ ಲೆಕ್ಕವನ್ನು ಆಟದಲ್ಲಿ ಇಟ್ಟರೆ, ಆಡುವವನಿಗೆ ಶಾರ್ಕಿಗಿಂತ ಕಠಿಣವಾದ ಪ್ರಶ್ನೆಗಳು ಎದುರಾದಾವು.

ಮೂರನೆಯದು ದಡ. ತೆಪ್ಪದ ಮೇಲಿನವನಿಗಾಗಿ ಕಾಯುವವರು ಆಟದಲ್ಲಿ ಯಾರೂ ಇಲ್ಲ. ನಿಜವಾದ ಕಡಲಿನಲ್ಲಿ ಜೀವ ಉಳಿಸುವುದು ಬಹುಪಾಲು ದಡದ ಮಾತೇ. ಗಾಳಿ ಏಳಲಿದೆ, ಅಲೆ ಎತ್ತರವಾಗಲಿದೆ, ಹಿಂತಿರುಗಿ ಎಂಬ ಮಾತು. ಈ ಮುನ್ಸೂಚನೆಗಳನ್ನು ಸಿದ್ಧಪಡಿಸುವ ಇನ್‌ಕಾಯ್ಸ್ ಸಂಸ್ಥೆ 1999ರಲ್ಲಿ ಆರಂಭವಾದದ್ದು ಸಮುದ್ರವೇ ಇಲ್ಲದ ಹೈದರಾಬಾದಿನಲ್ಲಿ. ಉಪಗ್ರಹಗಳು ಅಳೆದ ಕಡಲ ಮೇಲ್ಮೈಯ ಉಷ್ಣತೆ ಮತ್ತು ನೀರಿನ ಬಣ್ಣ ನೋಡಿ ಮೀನು ಎಲ್ಲಿ ಸಿಕ್ಕೀತೆಂದೂ ಅದು ತಿಳಿಸುತ್ತದೆ. ಹುಮನಾಬಾದಿನ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೊರಟರೆ ಸಿಗುವ ಊರು ಅದು. ಮಾಣಿಕನಗರಕ್ಕೆ ಮಲ್ಪೆಗಿಂತ ಎಷ್ಟೋ ಹತ್ತಿರ. ಕಡಲು ಕಾಣದ ಊರಿನಲ್ಲಿ ಕುಳಿತೂ ಕಡಲಿನವರನ್ನು ಕಾಯಬಹುದು. ಆಟದಲ್ಲಿ ಒಬ್ಬ ತೆಪ್ಪದ ಮೇಲಿರಲಿ, ಇನ್ನೊಬ್ಬ ದಡದಲ್ಲಿ ಕುಳಿತು ಗಾಳಿ ಓದಿ ಎಚ್ಚರಿಸಲಿ.

ಎಚ್ಚರಿಕೆಯ ವ್ಯವಸ್ಥೆ ಎಷ್ಟೇ ಬೆಳೆದರೂ ಕಡಲು ಕೆಲವೊಮ್ಮೆ ಉತ್ತರ ಕೊಡುವುದಿಲ್ಲ. 2018ರ ಡಿಸೆಂಬರ್ 13ರಂದು ಏಳು ಮೀನುಗಾರರನ್ನು ಹೊತ್ತು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಮಹಾರಾಷ್ಟ್ರದ ಕಡಲಿನಲ್ಲಿ ಸಂಪರ್ಕ ಕಳೆದುಕೊಂಡಿತು. ನೌಕಾಪಡೆ ಮಾಲ್ವಣದಾಚೆ ಅದರ ಅವಶೇಷ ಪತ್ತೆಹಚ್ಚಿದಾಗ 2019ರ ಮೇ ತಿಂಗಳು ಬಂದಿತ್ತು. ಅಷ್ಟು ದಿನವೂ ಏಳು ಮನೆಗಳವರು ಕಾದಿದ್ದರು. ಏಳು ಮಂದಿ ಮರಳಲಿಲ್ಲ.

ಆಟದಲ್ಲಿ ಮುಳುಗಿದವನು ಗುಂಡಿ ಒತ್ತಿದರೆ ಮತ್ತೆ ಏಳುತ್ತಾನೆ. ಆಟವೆಂದ ಮೇಲೆ ಅದು ಇರಬೇಕಾದದ್ದೇ. ಅದನ್ನು ಕಿತ್ತುಹಾಕಿ ಎಂದು ಯಾರೂ ಹೇಳಲಾರರು. ಆದರೆ ಅವನು ಏಳುವ ಮೊದಲು ತೆರೆಯ ಮೇಲೆ ಒಂದು ಕ್ಷಣ ದಡ ಕಾಣಿಸಲಿ, ಅಲ್ಲಿ ಅವನ ದಾರಿ ನೋಡುತ್ತ ನಿಂತವರು ಕಾಣಿಸಲಿ. ಕಡಲನ್ನು ಎಂದೂ ನೋಡದ ಹುಡುಗನಿಗೆ ಅದರ ಗುರುತು ಸ್ವಲ್ಪವಾದರೂ ಸಿಕ್ಕೀತು.