ಅಳಿಯನ ಮೂರು ದಿನದ ಮುಂಬಯಿ

ಈ ಪುಟಗಳಲ್ಲಿ ಸಾಮಾನ್ಯವಾಗಿ ಗ್ಯಾಸಿನ ದರ, ಲೈಸೆನ್ಸ್, ಪಾರ್ಸೆಲ್ ಕಮಿಷನ್ ಇವುಗಳ ಬಗ್ಗೆಯೇ ಓದುತ್ತೇವೆ. ಈ ಸಲ ನಮ್ಮ ಮನೆಯದೇ ಒಂದು ಸಂಗತಿ ಬರೆಯುತ್ತಿದ್ದೇವೆ. ನಾವು ಓದಿದ್ದು ಹತ್ತನೆಯ ತರಗತಿ, ಅದೂ ರಾತ್ರಿ ಶಾಲೆಯಲ್ಲಿ. ತಪ್ಪಿದ್ದರೆ ಸುಧಾರಿಸಿಕೊಳ್ಳಿ.

2025ರ ನವೆಂಬರಿನಲ್ಲಿ ಕುಂದಾಪುರ ಕಡೆಯಿಂದ ನಮ್ಮ ಅಕ್ಕನ ಮಗ ಮುಂಬಯಿಗೆ ಬಂದ. ಇಪ್ಪತ್ತಮೂರು ವರ್ಷ, ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವ. ದುಬಾಯಿಯ ಒಂದು ಹೋಟೆಲಿನಲ್ಲಿ ಕೆಲಸ ಸಿಕ್ಕಿತ್ತು. ವಿಮಾನ ಬುಧವಾರ ಬೆಳಗಿನ ಜಾವ. ಭಾನುವಾರವೇ ಮತ್ಸ್ಯಗಂಧದಲ್ಲಿ ಬಂದು ಠಾಣೆಯಲ್ಲಿ ಇಳಿದ. ಮೂರು ದಿನ ಮುಂಬಯಿ ನೋಡಬೇಕೆಂಬುದು ಅವನ ಆಸೆ. ಆ ಮೂರು ದಿನದಲ್ಲಿ ಅವನ ಮನಸ್ಸು ತಿರುಗಿಸಿ ಗೋರೆಗಾಂವ್‌ನ ನಮ್ಮ ಗಲ್ಲಾದಲ್ಲಿ ಕೂರಿಸಬೇಕೆಂಬುದು ನಮ್ಮ ಲೆಕ್ಕಾಚಾರ. ಮಗಳು ಸಿ.ಎ. ಓದುತ್ತಿದ್ದಾಳೆ, ಅವಳಿಗೆ ಇಡ್ಲಿ-ವಡೆಯ ವ್ಯಾಪಾರ ಬೇಡ. ಅಳಿಯಕಟ್ಟಿನ ಮನೆತನದ ನಮಗೆ ಅಳಿಯನೇ ವಾರಸುದಾರ ಎಂಬ ಹಳೆಯ ಮಾತು ಮನಸ್ಸಿನಲ್ಲಿ ಇದ್ದೇ ಇತ್ತು.

ಮೊದಲ ದಿನ ಅವನೊಬ್ಬನೇ ಮೆಟ್ರೋ ಹತ್ತಿದ. ಆರೆಯಿಂದ ಕಫ್ ಪರೇಡ್‌ವರೆಗಿನ ಮೂರನೆಯ ಲೈನ್ 2025ರ ಅಕ್ಟೋಬರಿನಲ್ಲಿ ಪೂರ್ತಿಯಾಗಿ ತೆರೆದದ್ದು ನಿಮಗೆ ಗೊತ್ತೇ ಇದೆ. 33.5 ಕಿ.ಮೀ., 27 ಸ್ಟೇಷನ್, ಒಂದನ್ನು ಬಿಟ್ಟು ಉಳಿದವೆಲ್ಲ ನೆಲದಡಿ. ಇಷ್ಟು ಹತ್ತಿರದಲ್ಲಿದ್ದೂ ನಾವು ಅದರಲ್ಲಿ ಕೂತಿರಲಿಲ್ಲ. ಗಲ್ಲಾ ಬಿಟ್ಟು ಹೋಗುವುದು ಯಾವಾಗ? ಸಂಜೆ ಬಂದು, "ಮಾವ, ಮೀನು ಮಾರ್ಕೆಟ್ಟು, ಮಿಲ್ಲು, ದೇವಸ್ಥಾನ ಎಲ್ಲದರ ಅಡಿಯಿಂದಲೇ ಹೋಗಿ ಬಂದೆ. ಮೇಲೆ ಅಷ್ಟು ಗಲಾಟೆ, ಕೆಳಗೆ ಒಂದು ಕಾಗದದ ಚೂರಿಲ್ಲ" ಎಂದ.

ನಮಗೆ ನಮ್ಮ 1985 ನೆನಪಾಯಿತು. ಆಗ ಕೊಂಕಣ ರೈಲು ಇಲ್ಲ, ಅದು ಪೂರ್ತಿಯಾದದ್ದು 1998ರಲ್ಲಿ. ಬಸ್ಸಿನಲ್ಲಿ ಘಟ್ಟ ಹತ್ತಿಳಿದು ವಾಂತಿ ಮಾಡಿಕೊಂಡು ಬಂದದ್ದು. ಕೈಯಲ್ಲಿ ಒಂದು ಚೀಲ, ಅದರಲ್ಲಿ ಎರಡು ಚಡ್ಡಿ, ಅಮ್ಮ ಕಟ್ಟಿಕೊಟ್ಟ ಹಪ್ಪಳ. ಬಂದ ದಿನ ಸಂಜೆಗೇ ಟೇಬಲ್ ಒರೆಸುವ ಬಟ್ಟೆ ಕೈಗೆ ಬಂತು. ಸಮುದ್ರ ನೋಡಿದ್ದು ಎಂಟು ತಿಂಗಳ ನಂತರ. ಅಳಿಯ ಒಂದೇ ದಿನದಲ್ಲಿ ನೋಡಿದ ಮುಂಬಯಿಯನ್ನು ನಾವು ನಲವತ್ತು ವರ್ಷದಲ್ಲಿ ನೋಡಿಲ್ಲ ಎಂದರೆ ಸುಳ್ಳಲ್ಲ.

ಎರಡನೆಯ ದಿನ ನಾವೇ ಅವನನ್ನು ಮಾಟುಂಗಕ್ಕೆ ಕರೆದುಕೊಂಡು ಹೋದೆವು. ನಮ್ಮ ಧಂದೆಯ ಬೇರು ಅಲ್ಲಿದೆ. ರಾಮ ನಾಯಕರು 1942ರಲ್ಲಿ ಬೋರ್ಡಿಂಗ್ ತೆರೆದದ್ದು ಮಾಟುಂಗ ಸ್ಟೇಷನ್ನಿನ ಎದುರಿಗೆ. ಕಿಂಗ್ಸ್ ಸರ್ಕಲ್ಲಿನ ಕೆಫೆ ಮದ್ರಾಸ್ ಅದಕ್ಕಿಂತ ಎರಡು ವರ್ಷ ಹಳೆಯದು. ಅಲ್ಲಿ ಭಾನುವಾರ ಬೆಳಿಗ್ಗೆ ಗುಜರಾತಿ, ಮರಾಠಿ, ತಮಿಳು ಎಲ್ಲರೂ ಹೆಸರು ಬರೆಸಿ ಕಾಯುತ್ತಾರೆ. ಇದನ್ನು ತೋರಿಸಿದರೆ ಹುಡುಗನಿಗೆ ಉಡುಪಿ ಹೋಟೆಲಿನ ಮೇಲೆ ಅಭಿಮಾನ ಹುಟ್ಟೀತು ಎಂದುಕೊಂಡಿದ್ದೆವು.

ಹೋಗಿ ನೋಡಿದರೆ ಬಾಗಿಲು ಮುಚ್ಚಿದೆ! ಅಂದು ಸೋಮವಾರ. ಕೆಫೆ ಮದ್ರಾಸಿಗೆ ಸೋಮವಾರ ರಜೆ ಎಂಬುದು ಅವಸರದಲ್ಲಿ ಮರೆತೇ ಹೋಗಿತ್ತು. ಅಳಿಯ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತ.

"ಮಾವ, ಇಷ್ಟು ಜನ ಕಾಯುವ ಹೋಟೆಲು ವಾರಕ್ಕೊಂದು ದಿನ ಮುಚ್ಚುತ್ತದಾ?"

"ಹೌದು ಮಾರಾಯ."

"ನಿಮ್ಮದು?"

"ನಮ್ಮದು 365 ದಿನ. ದೀಪಾವಳಿಗೂ ಮುಚ್ಚುವುದಿಲ್ಲ" ಎಂದು ಹೆಮ್ಮೆಯಿಂದಲೇ ಹೇಳಿದೆವು. ಅವನು ಮಾತಾಡಲಿಲ್ಲ. ಪಕ್ಕದ ಬೀದಿಯಲ್ಲಿ ಊಟ ಮುಗಿಸಿ, ಹೂವಿನ ಅಂಗಡಿಗಳ ಮುಂದೆ ಒಂದು ಸುತ್ತು ಹೊಡೆದು ಬಂದೆವು.

ಅಂದು ರಾತ್ರಿ ಊಟವಾದ ಮೇಲೆ, "ಅತ್ತೆ, ನಾನು ಇವತ್ತು ಹೋಟೆಲಿನಲ್ಲಿ ಹುಡುಗರ ಜೊತೆ ಮಲಗುತ್ತೇನೆ" ಎಂದ. ಮನೆಯವರು ಬೇಡವೆಂದರೂ ಕೇಳದೆ ಹೋದ. ನಮ್ಮಲ್ಲಿ ಏಳು ಹುಡುಗರು ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಮಲಗುತ್ತಿದ್ದರು. ನಾವೂ ಮಲಗಿದ್ದು ಅಂಥಲ್ಲೇ, ಹಾಗಾಗಿ ಅದರಲ್ಲಿ ಏನೂ ತಪ್ಪು ಕಂಡಿರಲಿಲ್ಲ. ಒಂದು ಫ್ಯಾನು, ಕೆಳಗೆ ಪಾತ್ರೆ ತೊಳೆಯುವ ಮೋರಿಯಲ್ಲೇ ಸ್ನಾನ.

ಮಂಗಳವಾರ ಬೆಳಿಗ್ಗೆ ನಾವು ಹೋದಾಗ ಅವನ ಕಣ್ಣು ಕೆಂಪಾಗಿತ್ತು. ನಮ್ಮ ಹಾಜರಿ ಪುಸ್ತಕ ತೆಗೆದುಕೊಂಡು ಗಲ್ಲಾದ ಪಕ್ಕ ಕೂತ. ನಮಗೆ ಒಳಗೊಳಗೇ ಖುಷಿ, ಹುಡುಗನಿಗೆ ಆಸಕ್ತಿ ಬಂತು ಎಂದು. ಹನ್ನೊಂದು ಗಂಟೆಗೆ ರಶ್ ಇಳಿದ ಮೇಲೆ ಒಂದು ಬಿಲ್ಲಿನ ಹಿಂಬದಿ ಬರೆದದ್ದನ್ನು ತೋರಿಸಿದ. ಆ ವರ್ಷ ನಮ್ಮಲ್ಲಿ ಕೆಲಸ ಬಿಟ್ಟು ಹೋದವರು ಹನ್ನೊಂದು ಮಂದಿ. ಅವರಲ್ಲಿ ಇಬ್ಬರು ದೋಸೆಯವರು.

"ಮಾವ, ಒಬ್ಬ ಹೊಸಬನಿಗೆ ನಿಮ್ಮ ರುಚಿ ಕೈಗೆ ಹತ್ತಲು ಎಷ್ಟು ದಿನ ಬೇಕು?"

"ಸಪ್ಲೈಯರಿಗೆ ಹದಿನೈದು ದಿನ. ದೋಸೆ ಕಾವಲಿಗಾದರೆ ಎರಡು ತಿಂಗಳು."

"ಅಷ್ಟು ದಿನ ಹಾಳಾದ ಹಿಟ್ಟು, ವಾಪಸು ಬಂದ ಪ್ಲೇಟು, ಏಜೆಂಟನಿಗೆ ಕೊಟ್ಟ ಹಣ, ಹೋಗುವಾಗ ಮುಳುಗಿದ ಅಡ್ವಾನ್ಸು, ಇದನ್ನೆಲ್ಲ ಬರೆದಿಟ್ಟಿದ್ದೀರಾ?"

ಬರೆದಿಟ್ಟಿರಲಿಲ್ಲ. ಅಕ್ಕಿ, ಉದ್ದು, ಎಣ್ಣೆ ಪೈಸೆ ಪೈಸೆ ಬರೆಯುವ ನಾವು ಇದನ್ನು ಯಾವತ್ತೂ ಬರೆದವರಲ್ಲ. ಹುಡುಗರು ಓಡಿಹೋಗುತ್ತಾರೆ, ಕಾಲ ಕೆಟ್ಟಿತು ಎಂದು ಮೀಟಿಂಗಿನಲ್ಲಿ ಹೇಳಿಕೊಂಡು ಬಂದವರು.

ಹಿಂದೆ ಊರಿನಿಂದ ನಮ್ಮವರೇ ಬರುತ್ತಿದ್ದರು. ಮಾಲಕರು ಬೈದರೂ ರಾತ್ರಿ ಶಾಲೆಗೆ ಕಳಿಸುತ್ತಿದ್ದರು. ಮುಂದೆ ಅವರೇ ಹೋಟೆಲ್ ಹಾಕುತ್ತಿದ್ದರು. ಆ ಆಸೆಗೆ ಮೋರಿಯ ಸ್ನಾನವನ್ನೂ ಸಹಿಸಿಕೊಂಡೆವು. ಈಗ ಬರುವವರು ಉತ್ತರ ಪ್ರದೇಶ, ಬಿಹಾರ, ಒಡಿಶಾ, ನೇಪಾಳದವರು. ಇಲ್ಲಿ ಸ್ವಂತ ಹೋಟೆಲ್ ಹಾಕುವ ಕನಸು ಅವರಲ್ಲಿ ಎಷ್ಟು ಜನಕ್ಕೆ ಇದ್ದೀತು? 2020ರ ಲಾಕ್‌ಡೌನಿನಲ್ಲಿ ಊರಿಗೆ ಹೋದವರಲ್ಲಿ ನಮ್ಮಲ್ಲಿಗೆ ಮರಳಿದವರು ಇಬ್ಬರೇ.

ಆ ಸಂಜೆ ಕಡೆಗೂ ಕೇಳಿಯೇ ಬಿಟ್ಟೆವು. "ದುಬಾಯಿ ಯಾಕೆ ಮಾರಾಯ? ಈ ಹೋಟೆಲು ನಿನಗೇ ಇರಲಿ. ನಾಳೆಯಿಂದಲೇ ಕೂತುಕೋ."

ಅವನು ತಲೆ ತಗ್ಗಿಸಿ ಸ್ವಲ್ಪ ಹೊತ್ತು ಕೂತ. "ಎರಡು ವರ್ಷ ಬಿಟ್ಟು ಬರುತ್ತೇನೆ ಎಂದು ಸುಳ್ಳು ಹೇಳಿ ನಿಮ್ಮನ್ನು ಕಾಯಿಸುವುದಿಲ್ಲ ಮಾವ. ಅಲ್ಲಿ ಮಲಗಲು ಮಂಚ, ವಾರಕ್ಕೊಂದು ರಜೆ, ಎರಡನ್ನೂ ಕಾಗದದಲ್ಲಿ ಬರೆದುಕೊಟ್ಟಿದ್ದಾರೆ. ನೀವು ಇಷ್ಟು ವರ್ಷದಲ್ಲಿ ಒಂದು ದಿನವೂ ರಜೆ ಮಾಡಿಲ್ಲ. ನಿಮ್ಮ ಕುರ್ಚಿಯಲ್ಲಿ ಕೂತರೆ ನಾನೂ ಮಾಡಲಿಕ್ಕಿಲ್ಲ."

ಸಿಟ್ಟು ಬಂತು, ಸುಳ್ಳು ಯಾಕೆ ಹೇಳಬೇಕು. ನಾವು ಕಟ್ಟಿದ ಹೋಟೆಲಿನ ಮಾತು! ಆದರೆ ರಾತ್ರಿ ನಿದ್ರೆ ಬರಲಿಲ್ಲ. ಆ ಹನ್ನೊಂದು ಹುಡುಗರು ಬಿಟ್ಟು ಹೋದ ಕಾರಣಕ್ಕೇ ನಮ್ಮ ಅಳಿಯನೂ ಹೋಗುತ್ತಿದ್ದಾನೆ ಎಂಬುದು ಹೊಳೆದದ್ದು ಬೆಳಗಿನ ಮೂರು ಗಂಟೆಗೆ, ಅವನನ್ನು ವಿಮಾನ ನಿಲ್ದಾಣದಲ್ಲಿ ಬಿಟ್ಟು ರಿಕ್ಷಾದಲ್ಲಿ ಒಬ್ಬರೇ ಬರುವಾಗ. ಇಳಿಯುವಾಗ ಅವನು ಕಾಲಿಗೆ ನಮಸ್ಕಾರ ಮಾಡಿದ್ದ. ನಾವು ಒಂದು ಮಾತೂ ಆಡಿರಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಮಹಾರಾಷ್ಟ್ರದ 2017ರ ಅಂಗಡಿ-ಸಂಸ್ಥೆಗಳ ಕಾನೂನಿನಲ್ಲಿ ವಾರದ ರಜೆಯ ಮಾತು ಇದ್ದೇ ಇದೆ. ನಮ್ಮಲ್ಲಿ ಅದು ರಿಜಿಸ್ಟರಿನಲ್ಲಿ ಇತ್ತು, ಅಟ್ಟದಲ್ಲಿ ಇರಲಿಲ್ಲ. ಡಿಸೆಂಬರ್ ಒಂದರಿಂದ ಸರದಿಯ ಮೇಲೆ ದಿನಕ್ಕಿಬ್ಬರಿಗೆ ರಜೆ ಕೊಡಲು ಶುರು ಮಾಡಿದೆವು. ಹೋಟೆಲ್ ಮುಚ್ಚುವ ಧೈರ್ಯ ನಮಗಿಲ್ಲ, ಬಾಡಿಗೆ ಬಿಡುವುದಿಲ್ಲ. ಹಿಂದಿನ ಚಾಳಿನಲ್ಲಿ ಹುಡುಗರಿಗೆ ಒಂದು ಖೋಲಿ ಹಿಡಿದೆವು. ಒಬ್ಬ ಹೆಚ್ಚಿನ ಹುಡುಗ ಬೇಕಾಯಿತು, ಖರ್ಚು ಹೆಚ್ಚಾಯಿತು. ಮೊದಲ ತಿಂಗಳು ಪುಸ್ತಕ ನೋಡಿ ಎದೆ ಧಸಕ್ಕೆಂದಿತು. ಆದರೆ ಮೂರು ತಿಂಗಳಲ್ಲಿ ಬಿಟ್ಟು ಹೋದವನು ಒಬ್ಬನೇ, ಅವನೂ ತಂಗಿಯ ಮದುವೆಗೆ. ದೋಸೆಯ ಕೈ ಬದಲಾಗಲಿಲ್ಲ. ಬೆಳಗಿನ ಹಳೆಯ ಗಿರಾಕಿಯೊಬ್ಬರು "ಅಣ್ಣಾ, ಈಗ ರೋಜ್ ಒಂದೇ ಟೇಸ್ಟ್ ಬರುತ್ತಿದೆ" ಎಂದರು.

ಇದರಿಂದ ಎಲ್ಲರಿಗೂ ಲಾಭ ಎಂದು ನಾವು ಹೇಳುವುದಿಲ್ಲ. ನಿಮ್ಮ ನಿಮ್ಮ ಹೋಟೆಲಿನ ಲೆಕ್ಕ ನಿಮಗೆ ಗೊತ್ತು. ಬಿಟ್ಟು ಹೋದವರ ಲೆಕ್ಕವನ್ನೂ ಒಂದು ವರ್ಷ ಬರೆದಿಟ್ಟು ನೋಡಿ, ಇಷ್ಟೇ ನಮ್ಮ ವಿನಂತಿ. ನೋಡಿದ ಮೇಲೆ ನಮ್ಮ ಈ ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ.

ಅಟ್ಟದಲ್ಲಿ ಈಗ ಅಕ್ಕಿ ಚೀಲಗಳಿವೆ. ಅದರ ಫೋಟೋ ತೆಗೆದು ಅಳಿಯನಿಗೆ ಕಳಿಸಿದೆವು. "ನೀವು ಯಾವಾಗ ರಜೆ ಮಾಡುವುದು ಮಾವ?" ಎಂದು ಉತ್ತರ ಬಂತು. ಬರುವ ಸೋಮವಾರ ಮಧ್ಯಾಹ್ನ ಮನೆಯವರನ್ನು ಕರೆದುಕೊಂಡು ಆ ನೆಲದಡಿಯ ಮೆಟ್ರೋದಲ್ಲಿ ಹೋಗಿ ಬರುವುದೆಂದು ನಿಶ್ಚಯ ಮಾಡಿದ್ದೇವೆ. ಗಲ್ಲಾಕ್ಕೆ ಯಾರನ್ನು ಕೂರಿಸುವುದು ಎಂಬುದೊಂದು ಇನ್ನೂ ತೀರ್ಮಾನವಾಗಿಲ್ಲ.